ಹಿಂಬಾಗಿಲ ಗೆರೆ

ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಎಳೆದಿದ್ದ ಗೆರೆಯನ್ನು ಬೈರಮ್ಮ ಬರಿಗಾಲಲ್ಲೇ ಉಜ್ಜಿ ಅಳಿಸಿಬಿಟ್ಟಳು. ಊರಿಗೆ ಕಟ್ಟಲಿರುವ ಸಮುದಾಯ ಭವನದ ಹಿಂಬಾಗಿಲ ಗೆರೆ ಅದು.

“ಅವ್ವಾ, ಕಾಲ್ ತೆಗಿ!” ಮುಂಬಾಗಿಲ ಗುರುತಿನಲ್ಲಿ ನಿಂತಿದ್ದ ಮಗ ಕೊಂಡಪ್ಪ ಗದರಿದ. ಭವನದ ಉಸ್ತುವಾರಿ ಅವನದೇ. “ಮದ್ವೆಯೋರು ಮುಂದ್ಗಡೆಯಿಂದ ಬತ್ತಾರೆ. ಗಂಡನ್ನ ಬುಟ್ಟೋರು, ಇನ್ನೊಬ್ಬಂಗೆ ಕೂಡಿಕೆ ಆಗೋರು ಹಿಂದ್ಗಡೆಯಿಂದ ಬರ್ಲಿ. ಅವ್ರಿಗೂ ಒಂದು ರೂಮ್ ಕೊಟ್ಟಿದೀವಲ್ಲ, ಸಾಲ್ದಾ?”

ಬೈರಮ್ಮನ ಮೈಯೆಲ್ಲ ಉರಿಯಿತು. ಹೊಸೂರಿನ ಫ್ಯಾಕ್ಟರಿಗೆ ಹೋಗುವ ಮೊಮ್ಮಗಳು ಕಲ್ಪನಾ, ಡೈವೋರ್ಸ್ ಆದಮೇಲೆ ಹೋದ ತಿಂಗಳಷ್ಟೇ ಎರಡನೇ ಮದುವೆಯಾಗಿದ್ದಳು. ಕೂಡಿಕೆಗೆ ಓಲಗ ಯಾಕೆ ಎಂದು ಇದೇ ಕೊಂಡಪ್ಪ ಗುಡಿಯ ಹಿಂದೆ, ಹುಣಸೆಮರದಡಿ ತಾಳಿ ಕಟ್ಟಿಸಿದ್ದ. ಹುಡುಗಿ ತಲೆ ಎತ್ತಿರಲಿಲ್ಲ. ಆವತ್ತು ಬೈರಮ್ಮನೂ ಬಾಯಿ ಬಿಟ್ಟಿರಲಿಲ್ಲ.

ಇವತ್ತು ಅವಳು ಸುಣ್ಣದ ಬಾಂಡ್ಲಿಯನ್ನೇ ಎತ್ತಿಕೊಂಡು ಹೋಗಿ ಮಗನ ಕಾಲಬುಡಕ್ಕೆ ಸುರಿದಳು. “ಹಂಗಾರೆ ಮೊದ್ಲು ನೀನ್ ಹೋಗ್ಲಾ ಹಿಂದಕ್ಕೆ! ನಾನೂ ಕಟ್ಕೊಂಡ ಗಂಡನ್ನ ಬುಟ್ಟು, ನಿಮ್ಮಪ್ಪಂಗೆ ಕೂಡಿಕೆಯಾಗಿ ಬಂದೋಳು. ನೀನ್ ಹುಟ್ಟಿದ್ದು ಆಮೇಲೆ ಕಣ್ಲಾ!”

ಮೇಸ್ತ್ರಿ, ಕೂಲಿಯವರು, ಊರಿನ ನಾಲ್ಕು ಜನ ಎಲ್ಲರೂ ಕೊಂಡಪ್ಪನನ್ನೇ ನೋಡುತ್ತಿದ್ದರು. ಅವನ ಕಾಲು ತಾನಾಗಿಯೇ ಮುಂಬಾಗಿಲ ಗೆರೆಯಿಂದ ಆಚೆಗೆ ಸರಿಯಿತು.