ಅಮ್ಮ ಒತ್ತದ ಬಟನ್

"ಒಂದು ಸಲವೂ ಇಲ್ವಾ?" ಅಕ್ಕ ಮತ್ತೆ ಕೇಳಿದಳು.

"ಒಂದು ಸಲವೂ ಇಲ್ಲ."

"ಹನ್ನೊಂದು ತಿಂಗಳಲ್ಲಿ?"

"ಎಷ್ಟು ಸಲ ಹೇಳ್ಲಿ ಅಕ್ಕ? ಅಮ್ಮ ನನ್ನ ಕರೀಲೇ ಇಲ್ಲ."

ಅಕ್ಕ ತಾಯಿಯ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ತಾಯಿ ಹೋಗಿ ಮೂರು ವಾರವಾಗಿತ್ತು. ಖಾಲಿ ಮಂಚದ ಕಂಬಿಗೆ ಕಟ್ಟಿದ್ದ ಪುಟ್ಟ ಪೆಟ್ಟಿಗೆ ಇನ್ನೂ ಹಾಗೇ ಇತ್ತು. ಬೆಂಕಿಪೊಟ್ಟಣದಷ್ಟು ಪರದೆ, ಕೆಳಗೆ ಒಂದೇ ಒಂದು ಬಟನ್. ಒತ್ತಿದರೆ ಪಕ್ಕದ ಕೋಣೆಯಲ್ಲಿ ಮಗನ ಮೇಜಿನ ಮೇಲೆ ಗಂಟೆ ಬಾರಿಸಬೇಕು. ಪರದೆಯ ಮೇಲೆ ನೀರು, ನೋವು, ಮಗ್ಗುಲು, ಸುಮ್ಮನೆ ಬಾ ಎಂಬ ನಾಲ್ಕು ಸಾಲಿನ ಮೆನು ಬರಬೇಕು.

ಅದನ್ನು ಮಾಡಿದವನು ಅವನೇ. ಅವನ ಕಸುಬೇ ಅದು. ಉಗುರಿನಷ್ಟು ಚಿಪ್, ಪುಟ್ಟ ಪರದೆ, ನಾಲ್ಕಾರು ಬಟನ್ ಇರುವ ಯಾವ ಯಂತ್ರಕ್ಕಾದರೂ ಮೆನು ಮೂಡಿಸುವ, ಒತ್ತಿದ್ದನ್ನು ಅದಕ್ಕೆ ತಿಳಿಸುವ ಕೋಡಿನ ಕಂತೆ. ಹತ್ತು ವರ್ಷದಿಂದ ಒಬ್ಬನೇ ಬರೆದು ಲೋಕಕ್ಕೆ ಬಿಟ್ಟಿದ್ದ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ತಿದ್ದಬಹುದು, ಬೈಯಲೂಬಹುದು. ಮೂರನೆಯದನ್ನು ಜನ ಧಾರಾಳವಾಗಿ ಮಾಡುತ್ತಿದ್ದರು.

"ಬೆರಳು ಮಾತ್ರ ಸದಾ ಅದ್ರ ಮೇಲೇ ಇರ್ತಿತ್ತು ಕಣೋ," ಅಕ್ಕ ಅಂದಳು. "ನಾನು ಬಂದಾಗೆಲ್ಲ ನೋಡಿದೀನಿ."

"ಇಟ್ಕೊಂಡಿದ್ಲು ಅಷ್ಟೇ. ಒತ್ಲಿಲ್ಲ."

"ಅಷ್ಟು ಹಠ ಇತ್ತಾ ಅಮ್ಮಂಗೆ?"

"ನನ್ನ ಮೇಲೆ ಇತ್ತು."

ಅಕ್ಕ ಚೀಲದ ಬಾಯಿ ಕಟ್ಟಿ, ಅವನ ಬೆನ್ನು ಸವರಿ, ಹೊರಟುಹೋದಳು.

ಹಠಕ್ಕೆ ಕಾರಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಟ್ಟಿಯಾಗಿದ್ದಾಗ ತಾಯಿ ದಿನಕ್ಕೆ ಹತ್ತು ಸಲ ಕರೆಯುತ್ತಿದ್ದಳು. "ಊಟ ಆರಿಹೋಗ್ತಿದೆ, ಆ ಬಿಟ್ಟಿ ಚಾಕರಿ ಬಿಟ್ಟು ಬಾರೋ." ಒಂದು ದಿನ ಅವನು ರೇಗಿ ಅಂದುಬಿಟ್ಟಿದ್ದ: "ಕೆಲಸ ಮಾಡೋವಾಗ ಇನ್ಮೇಲೆ ನನ್ನ ಕರೀಲೇಬೇಡ." ಅಂದಿನಿಂದ ತಾಯಿ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ತನ್ನ ಪಾಡಿಗೆ ತಾನು ಮಲಗತೊಡಗಿದಳು.

ಆಮೇಲೆ ಕಾಯಿಲೆ ಬಂತು. ಚಮಚ ಬಾಯಿ ಮುಟ್ಟುವಷ್ಟರಲ್ಲಿ ಕೈ ಅದುರಿ ಅರ್ಧ ಚೆಲ್ಲತೊಡಗಿತು. ನಡಿಗೆ ಹೋಯಿತು, ಕೊನೆಗೆ ದನಿಯೂ ಹೋಯಿತು. ಆಗ ಅವನು ಪೆಟ್ಟಿಗೆ ಮಾಡಿ ಕಂಬಿಗೆ ಕಟ್ಟಿದ. ತಾಯಿಯ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಒತ್ತಿಸಿ ತೋರಿಸಿದ. ಗಂಟೆ ಬಾರಿಸಿತು. "ಇನ್ಮೇಲೆ ಯಾವಾಗ ಬೇಕಾದ್ರೂ ಕರಿಯಮ್ಮ," ಅಂದ. ಕ್ಷಮೆ ಕೇಳಲು ಅವನಿಗೆ ಅದಕ್ಕಿಂತ ಒಳ್ಳೆಯ ದಾರಿ ಗೊತ್ತಿರಲಿಲ್ಲ.

ಅವಳು ಕರೆಯಲಿಲ್ಲ.

ಹಾಲಿನ ಹೊತ್ತಿಗೆ, ಔಷಧಿಯ ಹೊತ್ತಿಗೆ ಅವನಾಗಿಯೇ ಹೋಗುತ್ತಿದ್ದ. ತಾಯಿ ಮೊದಲು ಅವನನ್ನು ನೋಡುವಳು, ಆಮೇಲೆ ಬಟನ್ನನ್ನು, ಮತ್ತೆ ಅವನನ್ನು. ನೋಡಿದೆಯಾ, ನೀನು ಹೇಳಿದ ಹಾಗೇ ನಡೆದುಕೊಂಡೆ ಎಂದು ಚುಚ್ಚಿದಂತಾಗುತ್ತಿತ್ತು. ಅವನೇ ಒಮ್ಮೆ ಒತ್ತಿ ನೋಡುವನು. ಆಚೆ ಗಂಟೆ ತಪ್ಪದೆ ಬಾರಿಸುತ್ತಿತ್ತು. ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ.

ಕೊನೆಯ ದಿನವೂ ಅಷ್ಟೇ. ಮಧ್ಯಾಹ್ನವಿಡೀ ಅವನು ಗಂಟೆಯ ಪಕ್ಕದಲ್ಲೇ ಕೂತು ಯಾರೋ ಅಪರಿಚಿತನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದ. ಗಂಟೆ ತುಟಿಪಿಟಕ್ಕೆನ್ನಲಿಲ್ಲ. ನಾಲ್ಕಕ್ಕೆ ಹಾಲು ಒಯ್ದಾಗ ತಾಯಿಯ ಮೈ ಬೆಚ್ಚಗಿತ್ತು, ಉಸಿರು ಇರಲಿಲ್ಲ. ಸಾಯುವಾಗಲೂ ಕರೆಯದಷ್ಟು ಕೋಪ. ಈ ಮೂರು ವಾರ ಅವನು ನುಂಗಲಾರದೆ ಉಗುಳಲಾರದೆ ಒದ್ದಾಡಿದ್ದು ಅದೊಂದಕ್ಕೇ.

ಅಕ್ಕ ಹೋದ ಮೇಲೆ ಮನೆ ಬಿಕೋ ಎಂದಿತು. ಅವನು ಅಭ್ಯಾಸಬಲದಿಂದ ಕಂಪ್ಯೂಟರ್ ಮುಂದೆ ಕೂತ. ಬಂದಿದ್ದ ಪತ್ರ ಒಂದೇ, ಲೇತ್ ಮಾಮನದು. ಯಾವುದೋ ದೇಶದ ಯಾವುದೋ ಕಾರ್ಖಾನೆಯವನು. ಹೆಸರು ಗೊತ್ತಿಲ್ಲದ್ದಕ್ಕೆ ಇವನೇ ಇಟ್ಟುಕೊಂಡ ಹೆಸರು ಅದು. ಲೋಹ ಕಡೆಯುವ ತನ್ನ ಲೇತ್ ಯಂತ್ರ ಅದುರಿದಾಗೆಲ್ಲ ಅದರ ಬಟನ್ ತಾನಾಗಿ ಒತ್ತಿಕೊಂಡು ಮೆನು ಎತ್ತೆತ್ತಲೋ ಓಡುತ್ತದೆಂದು ಹಿಂದೆ ಗೋಳಾಡಿದ್ದ. ತಾಯಿಯ ಪೆಟ್ಟಿಗೆ ಕಟ್ಟುವ ಹಿಂದಿನ ವಾರವಷ್ಟೇ ಇವನು ಅದಕ್ಕೊಂದು ಜರಡಿ ಬರೆದು ಕಂತೆಗೆ ಸೇರಿಸಿದ್ದ. ಅರ್ಧ ಸೆಕೆಂಡಾದರೂ ಅಲುಗದೆ ಒತ್ತಿ ಹಿಡಿದರೆ ಮಾತ್ರ ಅದು ಮನುಷ್ಯನ ಬೆರಳು. ಉಳಿದದ್ದೆಲ್ಲ ಕಸ, ಎಣಿಸಿ ಎಸೆ. ಹಾಗೆಂದು ಕೋಡಿನ ನೆತ್ತಿಯ ಮೇಲೆ ಟಿಪ್ಪಣಿಯನ್ನೂ ಬರೆದಿದ್ದ. ಜನ ಮೊದಲ ಬಾರಿಗೆ ಬೈಯದೆ ಹೊಗಳಿದ್ದು ಆ ಜರಡಿಗೆ.

ಲೇತ್ ಮಾಮ ಬರೆದಿದ್ದ: "ಜರಡಿ ಚಿನ್ನದಂಥದ್ದು ಸಾರ್. ಎಷ್ಟು ಕಸ ಎಸೆದಿದೆ ಅಂತ ನೋಡೋದು ಹೇಗೆ?"

ಪರೀಕ್ಷಿಸದೆ ಉತ್ತರ ಬರೆಯುವ ಪೈಕಿಯಲ್ಲ ಅವನು. ಅದೇ ಕಂತೆ ಇದ್ದು ಕೈಗೆ ಸಿಗುವಂತಿದ್ದದ್ದು ಮಂಚದ ಪೆಟ್ಟಿಗೆ. ದಾರ ಕತ್ತರಿಸಿ ತಂದ, ತಂತಿ ಸಿಕ್ಕಿಸಿದ. ಆ ಕೋಣೆಯಲ್ಲಿ ಯಂತ್ರವಿರಲಿ, ಒಂದು ಫ್ಯಾನೂ ಇರಲಿಲ್ಲ. ಕಸದ ಸಾಲಿನಲ್ಲಿ ಸೊನ್ನೆ ಬರುತ್ತದೆ, ತೋರಿಸಲು ಅಷ್ಟು ಸಾಕು ಅಂದುಕೊಂಡ.

ಪರದೆಯ ಮೇಲೆ ಮೊದಲ ಸಾಲು ಮೂಡಿತು. ಒಪ್ಪಿಕೊಂಡದ್ದು: ಐವತ್ತೆರಡು. ಎಲ್ಲವೂ ಅವನೇ ಒತ್ತಿ ನೋಡಿದ್ದು, ತಾಯಿಯ ಹೆಬ್ಬೆರಳು ಹಿಡಿದು ಒತ್ತಿಸಿದ್ದೂ ಸೇರಿ.

ಕೆಳಗಿನ ಸಾಲು ಬರಲು ಒಂದು ಗಳಿಗೆ ಹಿಡಿಯಿತು.

ಕಸವೆಂದು ಎಸೆದದ್ದು: ನಲವತ್ತೊಂದು ಸಾವಿರದ ಮುನ್ನೂರ ಎಂಟು, ಕೊನೆಯದು ಮೂರು ವಾರದ ಹಿಂದೆ, ಮಧ್ಯಾಹ್ನ ನಾಲ್ಕಕ್ಕೆ ಆರು ನಿಮಿಷ ಇರುವಾಗ.