ತಂಗಿಯ ಮುಂದೆ ಆಡದ ಮಾತು

ಬಿಳಿಯ ಡಾಕ್ಟರ್ ಲಿಮೆಜೊಳ ಹೊಟ್ಟೆಯತ್ತ ಪೆನ್ನು ತೋರಿಸಿ ಉದ್ದನೆಯ ಪ್ರಶ್ನೆ ಕೇಳಿದ. ದುಭಾಷಿ ಹೆರ್ಟನ್ ಡೇರೆಯ ಮರಳು ನೋಡುತ್ತ, "ನಿದ್ದೆ ಚೆನ್ನಾಗಿ ಬರುತ್ತಾ ಅಂತ ಕೇಳ್ತಿದಾರೆ" ಎಂದ.

"ಅಷ್ಟುದ್ದ ಪ್ರಶ್ನೆ, ಬರೀ ನಿದ್ದೆಗಾ?"

"ಅವರ ಭಾಷೆನೇ ಉದ್ದ."

ಲಿಮೆಜೊಗೆ ನಂಬಿಕೆ ಬರಲಿಲ್ಲ. ಅಣುಬಾಂಬಿನ ಬೂದಿ ದ್ವೀಪದ ಮೇಲೆ ಉದುರಿದಾಗಿನಿಂದ ಈ ಡಾಕ್ಟರ ಹಡಗು ವರ್ಷ ವರ್ಷವೂ ಬರುತ್ತಿತ್ತು. ರಕ್ತ ತೆಗೆದುಕೊಂಡು ಹೋಗುತ್ತಿತ್ತು. ಏನಾಗಿದೆ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅವರ ಡಬ್ಬಿ ಮಾಂಸ ತಿಂದು ಹೆರ್ಟನ್ ಅವರವನೇ ಆಗಿಬಿಟ್ಟಿದ್ದಾನೆ ಎಂದು ಅವಳ ಅನುಮಾನ. ಆದರೂ ಈ ಸಲ ಅವಳಿಗೆ ಆ ಹಡಗು ಬೇಕಿತ್ತು. ಹಿಂದಿನ ಮೂರು ಬಸುರಿನಲ್ಲಿ ಹುಟ್ಟಿದ್ದನ್ನು ಮಗು ಎನ್ನುವಂತಿರಲಿಲ್ಲ, ಮೂಳೆಯೇ ಇರಲಿಲ್ಲ. ಈಗಿನದನ್ನಾದರೂ ದೊಡ್ಡಾಸ್ಪತ್ರೆಯಲ್ಲಿ ಹೆರಬೇಕು. ಡಾಕ್ಟರ್ ಆರಿಸಿದವರಿಗಷ್ಟೇ ಹಡಗಿನಲ್ಲಿ ಜಾಗ, ಆರಿಸಬೇಕಾದರೆ ಆ ಮೂರರ ಸುದ್ದಿ ಅವನಿಗೆ ತಿಳಿಯಬೇಕು.

ಆದರೆ ಹೆರ್ಟನ್ ಅವಳ ದೊಡ್ಡಮ್ಮನ ಮಗ. ಬಸುರು, ಹೆರಿಗೆಯ ಮಾತು ಈ ದ್ವೀಪದಲ್ಲಿ ಅಣ್ಣ ತಂಗಿಯ ಕಿವಿಗೆ ಒಟ್ಟಿಗೆ ಬಿದ್ದರೆ ಆಮೇಲೆ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಡಾಕ್ಟರನಿಗೆ ಅದೆಲ್ಲ ಏನು ಗೊತ್ತು, ಅವನ ಪಾಲಿಗೆ ಹೆರ್ಟನ್ ಬರೀ ದುಭಾಷಿ.

"ಅಣ್ಣಾ, ನೀನು ಹೊರಗೆ ಹೋಗು."

"ನಾನು ಹೋದ್ರೆ ನಿನ್ನ ಮಾತು ಹೇಳೋರು ಯಾರು?"

"ಇದ್ದು ಏನು ಹೇಳ್ತಿದೀಯ ಅಂತ ನೋಡ್ತಾನೇ ಇದೀನಲ್ಲ."

ಅವನು ಎದ್ದು ಹೋದ. ಡಾಕ್ಟರ್ ಕೈಸನ್ನೆಗೆ ಇಳಿದ. ಹೊಟ್ಟೆ ತೋರಿಸಿದ, ಮಗು ತೂಗಿದ, ಕಣ್ಣು ಮುಚ್ಚಿ ಕತ್ತು ವಾಲಿಸಿದ. ಲಿಮೆಜೊ ಹುಬ್ಬು ಮೇಲೇರಿಸಿದಳು. ಹೌದು ಎನ್ನಲು ದ್ವೀಪದಲ್ಲಿ ಅಷ್ಟೇ ಸಾಕು. ಅವನು ಮತ್ತೆ ಕೇಳಿದ, ಅವಳು ಹಣೆ ನೋಯುವಷ್ಟು ಹುಬ್ಬು ಏರಿಸಿದಳು. ಸತ್ತ ಮಗುವಿನ ಮಾತಿಗೇ ಬೆರಗಾಗಿದ್ದಾಳೆ, ಅಂಥದ್ದೇನೂ ಆಗಿಲ್ಲ ಎಂದುಕೊಂಡು ಡಾಕ್ಟರ್ ನಕ್ಕ, ಬೆನ್ನು ತಟ್ಟಿ ಅವಳನ್ನು ಬಾಗಿಲವರೆಗೆ ಕಳಿಸಲು ಬಂದ. ಹೊರಗೆ ನಿಂತಿದ್ದ ಹೆರ್ಟನ್‌ಗೆ ಏನೋ ಹೇಳಿದ.

"ನೀನು ಚೆನ್ನಾಗಿದೀಯಂತೆ. ಹಡಗು ಬೇಡವಂತೆ" ಎಂದ ಹೆರ್ಟನ್.

"ಅದು ಅವನ ಮಾತಾ, ನಿನ್ನದಾ?"

ಹೆರ್ಟನ್ ಒಳಗೆ ಹೊರಟ ಡಾಕ್ಟರನ ತೋಳು ಹಿಡಿದು ನಿಲ್ಲಿಸಿದ. "ನೀನು ಸ್ವಲ್ಪ ಆ ಕಡೆ ತಿರುಗಿಕೊ" ಎಂದ.

ಅವಳು ಸಮುದ್ರದ ಕಡೆ ತಿರುಗಿದಳು. ಬೆನ್ನ ಹಿಂದೆ ಅವನು ಡಾಕ್ಟರನ ಭಾಷೆಯಲ್ಲಿ ತಡವರಿಸುತ್ತ ಮಾತಾಡತೊಡಗಿದ. ಒಂದು ಶಬ್ದವೂ ಅವಳಿಗೆ ತಿಳಿಯಲಿಲ್ಲ. ತನ್ನ ಮೇಲೆ ಏನು ಚಾಡಿ ಹೇಳುತ್ತಿದ್ದಾನೋ. ಡಾಕ್ಟರ್ ನಡುವೆ ಚಿಕ್ಕದೊಂದು ಪ್ರಶ್ನೆ ಕೇಳಿದ. ಉತ್ತರ ಕೇಳಿಸಲಿಲ್ಲ. ತಡೆಯಲಾರದೆ ಅವಳು ತಿರುಗಿ ನೋಡಿದಳು.

ಹೆರ್ಟನ್ ನೀರು ಮೊಗೆಯುವವನಂತೆ ಎರಡೂ ಅಂಗೈ ಜೋಡಿಸಿ, ಇಷ್ಟೇ ಇಷ್ಟು ಎಂದು ತೋರಿಸುತ್ತಿದ್ದ. ಆಮೇಲೆ ಮಂಡಿಯೂರಿ ಆ ಕೈಗಳನ್ನು ಮೆಲ್ಲಗೆ ಮರಳಿನ ಮೇಲೆ ಇಳಿಸಿದ. ಒಂದು ಸಲ. ಇನ್ನೊಂದು ಸಲ. ಮತ್ತೂ ಒಂದು ಸಲ. ಡಾಕ್ಟರ್ ಆಗಲೇ ಹಡಗಿನವನನ್ನು ಕರೆದು ಅವಳತ್ತ ಬೆರಳು ತೋರಿಸುತ್ತಿದ್ದ.

ಮೂರನ್ನೂ ಹೂಳಿದವಳು ತನ್ನ ಅಮ್ಮ ಎಂದೇ ಅವಳು ಇಷ್ಟು ದಿನ ನಂಬಿದ್ದಳು.