ನಿಧಾನದ ಕ್ಲೌಡ್

ನಮ್ಮ ವಯಸ್ಸಿನವರ ನೆನಪುಗಳೆಲ್ಲ ಈಗ ತಲೆಯಲ್ಲಲ್ಲ, ಬಾಡಿಗೆಗೆ ಪಡೆದ ಕ್ಲೌಡ್‌ನಲ್ಲೇ ಇರುತ್ತವೆ. ನಾನು ನಾಲ್ಕಾರು ಕಂಪನಿಗಳನ್ನು ಹೋಲಿಸಿ ನೋಡಿ, ಮಾತ್ರೆಗಳ ಹೆಸರು, ಮೊಮ್ಮಕ್ಕಳು, ಅಕ್ಕಪಕ್ಕದವರನ್ನು ತಕ್ಷಣ ಸಿಗುವ ದುಬಾರಿ ಕ್ಲೌಡ್‌ನಲ್ಲಿಟ್ಟೆ. ಅಪರೂಪಕ್ಕೆ ಬೇಕಾಗುವವರನ್ನು ಅಗ್ಗದ್ದಕ್ಕೆ ಹಾಕಿದೆ. ಅಲ್ಲಿಂದ ಒಂದು ನೆನಪು ಬರಲು ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ. ಹೀಗೆ ಮಾಡಿ ಎಂದು ಗೆಳತಿಯರಿಗೂ ಹೇಳಿಕೊಟ್ಟಿದ್ದೆ.

ನಿನ್ನೆ ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ, ಎದುರಿಗೆ ಬಂದ ಹೆಂಗಸೊಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡು, "ವಿಶಾಲೂ, ನೀನಿಲ್ಲಿ?" ಎಂದಳು.

"ತಾವು ಯಾರು, ಗೊತ್ತಾಗಲಿಲ್ಲ," ಎಂದೆ.

ಅವಳ ಕೈ ಸಡಿಲವಾಯಿತು. ಆಮೇಲೆ ನಕ್ಕಳು. "ಓ, ನಿಧಾನದ್ದರಲ್ಲಿ ಇಟ್ಟಿದ್ದೀಯಾ? ಬರಲಿ ಬಿಡು, ಅಲ್ಲೀವರೆಗೆ ಕಾಫಿ ಕುಡಿಯೋಣ."

ಅವಳೇ ಹೋಗಿ ಕಾಫಿ ತಂದಳು. ನಾನು ತಡವರಿಸಬಾರದೆಂದು ಏನನ್ನೂ ಕೇಳದೆ, ಬಿಸಿಲು, ಬಸ್ಸು, ಬೆಂಡೆಕಾಯಿಯ ಮಾತನ್ನೇ ಆಡಿದಳು.

ಕಾಫಿ ಮುಗಿಯುವ ಹೊತ್ತಿಗೆ ನೆನಪು ಬಂತು. ಇವಳು ವನಮಾಲಾ. ಹಾಸ್ಟೆಲಿನಲ್ಲಿ ನನಗೆ ಟೈಫಾಯ್ಡ್ ಆಗಿದ್ದಾಗ ಮಂಚದ ಪಕ್ಕ ಕೂತು, ಪಾಠಗಳನ್ನೆಲ್ಲ ಓದಿ ಹೇಳಿ ನನ್ನನ್ನು ಬಿ.ಎ. ಪಾಸು ಮಾಡಿಸಿದವಳು.

"ವನೂ, ತಪ್ಪಾಯ್ತು ಕಣೇ," ಎಂದೆ.

"ಏನು ತಪ್ಪು? ನಾನೂ ನಿನ್ನನ್ನ ಅಗ್ಗದ್ದರಲ್ಲೇ ಇಟ್ಟಿದ್ದೀನಿ," ಎಂದಳು.

ಹಾಗೆಂದವಳೇ ಅದನ್ನು ಮರೆತು, ನನ್ನ ಅಣ್ಣಂದಿರು, ಅತ್ತಿಗೆಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ವಿಚಾರಿಸತೊಡಗಿದಳು. ಯಾವ ಹೆಸರಿಗೂ ಅವಳು ಕಾಯಬೇಕಾಗಲಿಲ್ಲ. ನಾನು ಬಗ್ಗಿಸಿದ ತಲೆ ಎತ್ತದೆ ಉತ್ತರ ಹೇಳುತ್ತ ಹೋದೆ.